ಸಮಾಲೋಚಿಸಿದ ನಂತರ

ಇಸ್ತ್ರಿಯಕ್ಕ ಮೈಕಿನ ಕತ್ತು ಹಿಡಿದು ತನ್ನ ಕಡೆಗೆ ಎಳೆದಳು. ಅದು ಬಗ್ಗಲಿಲ್ಲ, ಬುಡಸಮೇತ ಕಿತ್ತು ಕೈಗೇ ಬಂತು.

"ಸರಕಾರದ ಆಸ್ತಿ ಅದು," ಎಂದರು ಕಾರ್ಯದರ್ಶಿ.

"ಅದಕ್ಕೇ ನಮ್ಮ ಕಡೆ ತಿರುಗ್ತಿಲ್ಲ." ಆಕೆ ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದಳು. "ಬಿಡಿ, ಮೈಕ್ ಯಾಕೆ. ಬಾಯ್ಲರ್ ಪಕ್ಕ ನಿಂತು ಕೂಗಿ ಕೂಗಿ ಪಳಗಿದ ಗಂಟಲು ಇದು."

ಎದುರಿಗೆ ಮಾಲೀಕರ ಕಡೆ ಕೂತಿದ್ದವನು ನಕ್ಕ. "ಮನೇಲೂ ಇದೇ ಗಂಟಲು ಸಾರ್. ನಮ್ಮ ತಮ್ಮನಿಗೆ ಕಿವಿ ಮಂದ ಆಗಿರೋದು ಸುಮ್ನೆ ಅಲ್ಲ."

ಅವನು ಆಕೆಯ ಗಂಡನ ಅಣ್ಣ, ಲಾಂಡ್ರಿ ಮಾಲೀಕರ ಸಂಘದ ಅಧ್ಯಕ್ಷ. ಆಕೆ ಲಾಂಡ್ರಿ ಕೆಲಸಗಾರರ ಸಂಘದ ಅಧ್ಯಕ್ಷೆ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬಾಯ್ಲರಿನ ಹಬೆ ಕುಡಿದವರು. ಅವನು ಒಗೆಯುತ್ತಿದ್ದ, ಆಕೆ ಇಸ್ತ್ರಿ ಹಾಕುತ್ತಿದ್ದಳು. ಹೆಸರು ಅಂಟಿಕೊಂಡದ್ದು ಅಲ್ಲಿಂದಲೇ. ಆಮೇಲೆ ಅವನು ಒಂದು ಯಂತ್ರ ಕೊಂಡ, ಆಮೇಲೆ ಒಂದು ಷೆಡ್ಡು, ಕೊನೆಗೆ ಒಂದು ಹೊಸ ದನಿ. ಈಗಿನ ದನಿ ತಣ್ಣಗಿದೆ, ಪಿಂಗಾಣಿಯ ಹಾಗೆ.

ಕೋಣೆಗೆ ಕಿಟಕಿ ಇತ್ತು, ತೆಗೆಯಲು ಹಿಡಿ ಇರಲಿಲ್ಲ. ಮೇಜಿನ ಮೂರು ಬದಿಗೆ ಮೂರು ಫಲಕ: ಸರಕಾರ, ಮಾಲೀಕರು, ಕಾರ್ಮಿಕರು. ನಾಲ್ಕನೆಯ ಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು, ನಾಲ್ಕನೆಯವರು ಯಾರಾದರೂ ಬಂದು ಕೂತಾರು ಎಂಬ ಭಯಕ್ಕೋ ಏನೋ. ಗೋಡೆಯ ಮೇಲೆ ಹಿಂದಿನ ಕಾರ್ಯದರ್ಶಿಗಳ ಫೋಟೋಗಳು. ಎಲ್ಲರೂ ಒಂದೇ ಟೈ ಕಟ್ಟಿಕೊಂಡಂತೆ ಕಾಣುತ್ತಿದ್ದರು. ಈಗಿನವರು ಯಾವ ಮಾತಿಗೂ ಮುನಿಯದ, ಯಾವ ಮಾತನ್ನೂ ಬಿಟ್ಟುಕೊಡದ ಮನುಷ್ಯ.

ಸಭೆಯ ಆರಂಭದಲ್ಲಿ ಅವರೇ ವಿಷಯ ಬಿಡಿಸಿ ಹೇಳಿದ್ದರು. ದೂರದ ಒಂದು ನಗರದಲ್ಲಿ ದೇಶಗಳೆಲ್ಲ ಸೇರಿ ಒಡಂಬಡಿಕೆಯೊಂದನ್ನು ಮಾಡಿಕೊಂಡಿವೆ. ರೋಗ ಹರಡುವ ವಸ್ತುಗಳನ್ನು ಮುಟ್ಟಿ ಕೆಲಸ ಮಾಡುವವರಿಗೆ ಮಾಲೀಕ ಲಸಿಕೆ ಹಾಕಿಸಬೇಕು. ಸೋಂಕಿನ ಅನುಮಾನ ಬಂದರೆ ಚಿಕಿತ್ಸೆ ಕೊಡಿಸಬೇಕು. ಆ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಇಲ್ಲಿನ ಸರಕಾರವೂ ಇದಕ್ಕೆ ಒಪ್ಪಿದೆ, ಒಪ್ಪಿಗೆ ಇವತ್ತು ಸಂಜೆ ರವಾನೆಯಾಗುತ್ತದೆ. ಆದರೆ ಒಡಂಬಡಿಕೆಗೆ ಒಂದು ಹಿತ್ತಿಲ ಬಾಗಿಲಿದೆ. ಮಾಲೀಕರ ಮತ್ತು ಕಾರ್ಮಿಕರ ಸಂಘಗಳ ಜೊತೆ ಸಮಾಲೋಚಿಸಿದ ನಂತರ, ದೇಶವೊಂದು ತನಗೆ ಕಷ್ಟವೆನಿಸಿದ ಕಸುಬನ್ನು ಅದರಿಂದ ಹೊರಗಿಡಬಹುದು. ಹಾಗೆ ಹೊರಗಿಡುವುದಿದ್ದರೆ ಒಪ್ಪಿಗೆಯ ಜೊತೆಗೇ ತಿಳಿಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಮಾಲೀಕರು ಹೊರಗಿಡಿ ಎಂದದ್ದು ಒಂದನ್ನೇ: ಆಸ್ಪತ್ರೆಯ ಬಟ್ಟೆ ಒಗೆಯುವ ಹೊರಗಿನ ಲಾಂಡ್ರಿಗಳು.

"ಆಸ್ಪತ್ರೆ ಒಳಗೇ ಒಗೆದ್ರೆ ರಕ್ಷಣೆ, ಗೇಟು ದಾಟಿದ್ರೆ ಇಲ್ಲ," ಎಂದಳು ಇಸ್ತ್ರಿಯಕ್ಕ. "ಗೇಟು ದಾಟಿದ ಕೂಡ್ಲೇ ರಕ್ತ ಕುಂಕುಮ ಆಗಿಬಿಡುತ್ತಾ ಸಾರ್?"

"ನಾವು ಆಸ್ಪತ್ರೆಯವರಲ್ಲ," ಎಂದ ಭಾವ. "ನಮ್ಮದು ಬೇರೆ ಕಸುಬು. ಈ ಮಾತು ನಂದಲ್ಲ, ಇವಳದೇ. ನಡುಬೀದೀಲಿ ನಿಂತು ಕೂಗಿದ್ದು. 'ನಾವು ವಾರ್ಡಿನ ಆಳುಗಳಲ್ಲ, ನಮ್ಮದು ಬೇರೆ ಕಸುಬು!' ಆಗ ನಾನೂ ಪಕ್ಕದಲ್ಲೇ ಇದ್ದೆ. ನಾನೂ ಕೂಗಿದ್ದೆ. ಚೆನ್ನಾಗಿತ್ತು ಘೋಷಣೆ."

ಮಾತು ಸುಳ್ಳಲ್ಲ. ಆಸ್ಪತ್ರೆ ನೌಕರರ ದೊಡ್ಡ ಸಂಘದಲ್ಲಿ ಲಾಂಡ್ರಿಯವರಿಗೆ ಹಿಂದಿನ ಸಾಲು, ಕೊನೆಯ ಮಾತು, ಎಲ್ಲರೂ ಮೂಗು ಮುಚ್ಚಿಕೊಂಡು ಕೇಳುವ ಮಾತು. ಅದನ್ನು ಸಹಿಸದೆ ಆಕೆ ಜನ ಕಟ್ಟಿದಳು, ಜಗಳ ಕಾಯ್ದಳು, ಬೇರೆ ಸಂಘ ಮಾಡಿದಳು. ಬೇರೆ ಸಂಘ ಆದದ್ದಕ್ಕೇ ಈ ಮೇಜಿನಲ್ಲಿ ಬೇರೆ ಕುರ್ಚಿ. ಆ ಗೆಲುವನ್ನೇ ಭಾವ ಈಗ ನೀಟಾಗಿ ಮಡಿಸಿ ಆಕೆಯ ಮುಂದೆ ಇಡುತ್ತಿದ್ದ.

"ಮರ್ಯಾದೆ ಕೇಳಿದ್ದು ಭಾವ ನಾವು. ಸಾಯೋಕೆ ಬೇರೆ ಜಾಗ ಕೇಳಿರಲಿಲ್ಲ."

"ಎರಡಕ್ಕೂ ಒಂದೇ ರಸೀದಿ ಕಣಮ್ಮ."

ಆಕೆ ಕಾರ್ಯದರ್ಶಿಯ ಕಡೆ ತಿರುಗಿದಳು. "ಸಾರ್, ಎರಡು ವಾರದ ಹಿಂದೆ ಇವರ ಷೆಡ್ಡಲ್ಲೇ ಒಬ್ಬಳ ಹೆಬ್ಬೆರಳಿಗೆ ಸಿರಿಂಜಿನ ಸೂಜಿ ನಾಟಿದೆ. ವಿಷಯ ಗೊತ್ತಾದ ಮಾರನೇ ದಿನ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದಾರೆ. ಅವಳು ಯಾರು ಅಂತ ಕೇಳಿ."

"ಯಾರು?"

"ಇವರ ಒಡಹುಟ್ಟಿದ ತಂಗಿ."

ಭಾವನ ನಗು ಬಾಯಲ್ಲೇ ಉಳಿಯಿತು, ಕಣ್ಣು ಮಾತ್ರ ಎದ್ದು ಹೋಯಿತು. "ಮನೆ ವಿಷಯ ಮೇಜಿಗೆ ತರಬೇಡ."

"ಮೇಜಿಂದಾನೇ ಅಲ್ವಾ ಅವಳನ್ನ ಎಬ್ಬಿಸಿ ಕಳಿಸಿದ್ದು?"

"ನಾಲ್ಕು ಜನಕ್ಕೆ ಅಂಟಬಾರದು ಅಂತ ಕಳಿಸಿದೆ. ತಂಗಿ ಅಂತ ಇಟ್ಕೊಂಡಿದ್ರೆ, ಒಬ್ಬರಿಗೊಂದು ನ್ಯಾಯ ಅಂತ ನೀನೇ ಬೀದಿಗೆ ಬರ್ತಿದ್ದೆ."

ನಾದಿನಿ ಕೆಲಸ ಮಾಡುತ್ತಿದ್ದ, ಷೆಡ್ಡಿನ ಆ ಮೇಜು ತಗಡಿನದು. ಆಸ್ಪತ್ರೆಯಿಂದ ಬರುವ ಬಟ್ಟೆ, ಹಾಸಿಗೆ ಹೊದಿಕೆಯ ನಾಲ್ಕು ಮೂಲೆ ಸೇರಿಸಿ ಕಟ್ಟಿದ ಗಂಟಾಗಿ ಬರುತ್ತದೆ. ಗಂಟು ಬಿಚ್ಚಿ, ಕೊಡವಿ, ಹೊದಿಕೆ ಒಂದು ಕಡೆ, ಶಸ್ತ್ರಚಿಕಿತ್ಸೆಯ ನಿಲುವಂಗಿ ಒಂದು ಕಡೆ, ರಕ್ತ ಹೆಪ್ಪುಗಟ್ಟಿದ್ದು ಇನ್ನೊಂದು ಕಡೆ. ಎಲ್ಲವೂ ಕೈಯಲ್ಲೇ. ಕೊಡವಿದಾಗ ಬ್ಲೇಡು ಬೀಳುತ್ತದೆ, ಕತ್ತರಿ ಬೀಳುತ್ತದೆ; ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಬಿದ್ದು ಮೇಜಿನವರೆಲ್ಲ ಮಧ್ಯಾಹ್ನದವರೆಗೆ ನಕ್ಕಿದ್ದರು. ಸೂಜಿ ಬೀಳುವುದಿಲ್ಲ. ಸೂಜಿ ಬಟ್ಟೆಯಲ್ಲೇ ಕಾದಿರುತ್ತದೆ. ಚುಚ್ಚಿದರೆ ಬೆರಳು ಹಿಂಡಬೇಕು, ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಪಕ್ಕದಲ್ಲಿ ನಿಂತವಳು ಕಂಡರೂ ಕಾಣದವಳಂತೆ ಹಾಡು ಗುನುಗುತ್ತಾಳೆ. ಯಾರೂ ಬರೆಯದ ಕಾಯಿದೆ ಅದು. ಬಾಯಿಬಿಟ್ಟವಳಿಗೆ ಅಂಟುರೋಗದವಳೆಂಬ ಹೆಸರು ಬರುತ್ತದೆ, ಕೆಲಸ ಹೋಗುತ್ತದೆ.

ನಾದಿನಿ ಬಾಯಿಬಿಟ್ಟಿರಲಿಲ್ಲ. ಬಿಟ್ಟವಳು ಇಸ್ತ್ರಿಯಕ್ಕ. ಸಮಾಲೋಚನೆಗೆ ಕರೆ ಬಂದಿತ್ತು, ತೋರಿಸಲು ಒಂದು ಬೆರಳು ಬೇಕಿತ್ತು, ಬೆರಳು ಮನೆಯಲ್ಲೇ ಸಿಕ್ಕಿತು.

"ನಿಮ್ಮ ವಿರೋಧ ದಾಖಲಾಗಿದೆ," ಎಂದರು ಕಾರ್ಯದರ್ಶಿ.

"ದಾಖಲಾದ್ರೆ ಏನಾಗುತ್ತೆ?"

"ಸಮಾಲೋಚನೆ ಆದಂತಾಗುತ್ತೆ."

"ನಾನು ಒಪ್ಪಿಲ್ವಲ್ಲ."

"ಒಪ್ಪಬೇಕು ಅಂತ ಎಲ್ಲೂ ಇಲ್ಲ ತಾಯಿ. ನಿಮ್ಮನ್ನ ಕೇಳಬೇಕು ಅಂತಿದೆ. ಕೇಳಿದ್ವಿ. ನೀವು ಬೇಡ ಅಂದ್ರಿ. ತುಂಬಾ ಸ್ಪಷ್ಟವಾಗಿ ಅಂದ್ರಿ." ಅವರ ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. "ಇನ್ನು ನಡಾವಳಿ ಓದಿಬಿಟ್ರೆ ಮುಗೀತು. ಓದೋವಾಗ ಮೂರೂ ಕಡೆಯವರು ಕೂತಿರಬೇಕು, ನಿಯಮ. ಆಮೇಲೆ ಬಿಡುವು."

ಇಸ್ತ್ರಿಯಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬೆಳಗಿನಿಂದ ತಾನು ಆಡಿದ ಒಂದೊಂದು ಮಾತೂ, ಒಂದೊಂದು ಚುಚ್ಚುಮಾತೂ, ಈ ಮನುಷ್ಯನ ಕೈಯಲ್ಲಿ ಇಟ್ಟಿಗೆಯಾಗಿತ್ತು. ತನ್ನನ್ನು ಹೊರಗಿಡುವ ಗೋಡೆಗೆ ತಾನೇ ಗಾರೆ ಕಲಸಿ ಕೊಟ್ಟಿದ್ದಳು. ಕುರ್ಚಿ ಹಿಂದಕ್ಕೆ ಉರುಳುವಷ್ಟು ಜೋರಾಗಿ ಎದ್ದಳು.

"ಮೂರೂ ಕಡೆಯವರು ಕೂತಿರಬೇಕು ಅಂದ್ರಲ್ಲ? ನಾನು ಕೂತಿಲ್ಲ."

"ಕೂತ್ಕೊಳ್ಳಿ ತಾಯಿ."

"ಇನ್ನೊಂದು ಸಲ ತಾಯಿ ಅನ್ನಬೇಡಿ. ಹೆತ್ತಿದ್ರೆ ಕಿವಿ ಹಿಂಡಿ ಬೆಳೆಸ್ತಿದ್ದೆ."

ಬಾಗಿಲು ಆಕೆಯ ಹಿಂದೆ ತಾನಾಗಿಯೇ, ನಿಧಾನವಾಗಿ, ಸರಕಾರಿ ಬಾಗಿಲುಗಳ ಹಾಗೆ ಮುಚ್ಚಿಕೊಂಡಿತು.

ಹಜಾರದ ಬೆಂಚಿನಲ್ಲಿ ನಾದಿನಿ ಕೂತಿದ್ದಳು. ಒಂದು ಸಂಘಕ್ಕೆ ಒಬ್ಬರೇ ಎಂದು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಹೆಬ್ಬೆರಳಿನ ಗಾಯ ಎಂದೋ ಮಾಯ್ದಿತ್ತು. ಆದರೂ ಅದನ್ನು ಮುಷ್ಟಿಯೊಳಗೆ ಮಡಚಿಕೊಳ್ಳುವ ಅಭ್ಯಾಸ ಬಂದುಬಿಟ್ಟಿತ್ತು. ರಕ್ತದಲ್ಲಿ ಸದ್ಯಕ್ಕೆ ಏನೂ ಕಂಡಿಲ್ಲ, ಇನ್ನೂ ನೋಡಬೇಕು ಎಂದಿದ್ದರು ಡಾಕ್ಟರು. ಅವರು ಕೊಟ್ಟ ಮಾತ್ರೆಗೆ ಮುಖ ಹಳದಿಗಟ್ಟಿತ್ತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

"ಮುಗೀತಾ ಅತ್ತಿಗೆ, ನನ್ನ ಬೆರಳಿನ ಪ್ರದರ್ಶನ?"

"ಎದ್ದು ಬಂದೆ."

"ಯಾಕೆ, ಯಾರೂ ಚಪ್ಪಾಳೆ ಹೊಡೀಲಿಲ್ವಾ?"

ಇಸ್ತ್ರಿಯಕ್ಕ ಪಕ್ಕದಲ್ಲಿ ಕೂತಳು. ನಾದಿನಿ ಸರಿದು ಕೂತಳು. ನಡುವೆ ಉಳಿದ ಜಾಗದಲ್ಲಿ ಇನ್ನೊಬ್ಬರು ಕೂರಬಹುದಿತ್ತು.

"ನನ್ನ ಮೇಲೆ ಆಣೆ, ಹೇಳಬೇಡಿ ಅಂದಿದ್ದೆ," ಎಂದಳು ನಾದಿನಿ. "ಸೂಜಿ ಚುಚ್ಚಿದಾಗ ಒಂದು ಹನಿ ರಕ್ತ ಬಂದಿತ್ತು, ಅಷ್ಟೇ. ಕೆಲಸ ಇತ್ತು. ಮೇಜಿನವರು ನನ್ನ ಡಬ್ಬಿಯಿಂದ ತಿಂತಿದ್ರು. ಈಗ ಪಕ್ಕದ ಮನೆಯವಳು ಮಗೂನ ಒಳಗೆ ಕರ್ಕೊಂಡು ಬಾಗಿಲು ಹಾಕ್ತಾಳೆ. ಸೂಜಿಗಿಂತ ನಿಮ್ಮ ನಾಲಿಗೆ ಉದ್ದ."

"ಅಂದ್ರೆ ಎಲ್ಲರ ಹಾಗೆ ಹಾಡು ಗುನುಗ್ತಾ ನಿಂತಿರಬೇಕಿತ್ತಾ?"

"ನನ್ನನ್ನ ಒಂದು ಮಾತು ಕೇಳಬೇಕಿತ್ತು."

ಮಾತು ನಿಜವಾಗಿತ್ತು. ನಿಜವಾದದ್ದಕ್ಕೇ ಇಸ್ತ್ರಿಯಕ್ಕನಿಗೆ ಸಿಟ್ಟು ಬಂತು. ಒಳಗೆ ನಡೆದದ್ದನ್ನೆಲ್ಲ ಸಿಟ್ಟಿನಲ್ಲೇ ಹೇಳಿದಳು: ಕೇಳುವುದೇ ಸಾಕಂತೆ, ಒಪ್ಪುವುದು ಬೇಡವಂತೆ, ಓದುವಾಗ ತಾನು ಕೂತಿದ್ದರೆ ಲಾಂಡ್ರಿಗಳು ಹೊರಗೆ, ಕೂರದಿದ್ದರೆ ಸಮಾಲೋಚನೆ ಆಗಿಲ್ಲ, ಸಂಜೆ ಒಪ್ಪಿಗೆ ಹೊರಡುತ್ತದೆ, ಹೊರಗಿಡುವ ಮಾತಿಲ್ಲದೆಯೇ ಹೊರಡಬೇಕಾಗುತ್ತದೆ.

"ಅಂದ್ರೆ ನೀವು ಸುಮ್ನೆ ಈ ಬೆಂಚಲ್ಲಿ ಕೂತಿದ್ರೆ ಸಾಕು," ಎಂದಳು ನಾದಿನಿ. "ನಿಮಗೆ ಬರದೇ ಇರೋದು ಅದೊಂದೇ."

ಬಾಗಿಲು ತೆರೆಯಿತು. ಕಾರ್ಯದರ್ಶಿ ಮುಂದೆ, ಭಾವ ಹಿಂದೆ.

"ಬನ್ನಿ, ಓದಿ ಮುಗಿಸೋಣ," ಎಂದರು ಕಾರ್ಯದರ್ಶಿ. ತಾಯಿ ಎನ್ನಲಿಲ್ಲ. "ಕಾರ್ಮಿಕರ ಪ್ರತಿನಿಧಿ ತೀವ್ರವಾಗಿ ವಿರೋಧಿಸಿದರು ಅಂತ ಬರೆಸಿದ್ದೀನಿ. ಮೊದಲು ಬರೀ ವಿರೋಧಿಸಿದರು ಅಂತಿತ್ತು. ತೀವ್ರವಾಗಿ ಅನ್ನೋದು ನನ್ನ ಕಡೆಯಿಂದ."

"ನಿಮ್ಮ ಮನೆ ದೇವರ ಮುಂದೆ ಇಟ್ಟು ಪೂಜೆ ಮಾಡಿ ಆ ಪದಾನ."

ಭಾವ ಆಕೆಯನ್ನು ನೋಡಲೇ ಇಲ್ಲ. ತಂಗಿಯ ಮುಂದೆ ನಿಂತ. ಎಷ್ಟು ಹತ್ತಿರ ನಿಲ್ಲಬಹುದು ಎಂದು ಅಳೆದಂತೆ ಒಂದು ಹೆಜ್ಜೆ ಹಿಂದೆ ಸರಿದ.

"ಮಾತ್ರೆ ತಗೋತಿದ್ದೀಯಾ?"

"ತಗೊಂಡದ್ದೆಲ್ಲ ವಾಪಸ್ ಕೊಡ್ತಿದ್ದೀನಿ."

"ನೋಡು, ಮುಂದಿನ ಅಂಗಡಿ ಕೌಂಟರ್ ಖಾಲಿ ಇದೆ. ಒಗೆದು ಮಡಿಸಿದ ಬಟ್ಟೆ ಗಿರಾಕಿಗೆ ಕೊಡೋದು, ಅಷ್ಟೇ ಕೆಲಸ. ಫ್ಯಾನ್ ಕೆಳಗೆ ಕುರ್ಚಿ. ನಾಳೆಯಿಂದಲೇ ಬಾ. ಔಷಧಿ, ಡಾಕ್ಟರು, ಎಲ್ಲಾ ನನ್ನ ಜವಾಬ್ದಾರಿ. ಬೇಕಾದ್ರೆ ಇವರ ಎದುರೇ ಮಾತು ಕೊಡ್ತೀನಿ." ಕಾರ್ಯದರ್ಶಿ ಫೋಟೋದಲ್ಲಿ ನಿಂತವರಂತೆ ತಲೆಯಾಡಿಸಿದರು. "ನಿಮ್ಮತ್ತಿಗೆ ಒಳಗೆ ಬಂದು ಕೂತ್ರೆ ಸಾಕು. ಬಾಯಿ ಬಿಡೋದೂ ಬೇಡ. ಬಿಡದೇ ಇದ್ರೇ ಒಳ್ಳೇದು."

"ಕೊಂಡ್ಕೊಳ್ತಿದ್ದೀರಾ ಭಾವ?" ಎಂದಳು ಇಸ್ತ್ರಿಯಕ್ಕ.

"ನನ್ನ ತಂಗಿ. ನಿನ್ನ ಹಾಗೆ ಅವಳನ್ನ ಫಲಕಕ್ಕೆ ಕಟ್ಟಿ ಮೆರೆಸೋಕೆ ನನಗೆ ಬರಲ್ಲ."

ಏಟು ಸರಿಯಾದ ಜಾಗಕ್ಕೆ ಬಿತ್ತು. ಇಸ್ತ್ರಿಯಕ್ಕ ಗೋಡೆಯ ಕಡೆ ನೋಡಿದಳು. ತಗಡಿನ ಮೇಜಿನ ಸುತ್ತ ನಿಲ್ಲುವ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಬಂದು ಪಕ್ಕಕ್ಕೆ ಸರಿದವು. ಎದುರಿಗೆ ಉಳಿದದ್ದು ಈ ಹಳದಿ ಮುಖ ಒಂದೇ. ಈಕೆಯ ಕೆಲಸ ಕಳೆದದ್ದು ತಾನು. ಬೀದಿಯಲ್ಲಿ, ಮೇಜಿನಲ್ಲಿ, ಎಲ್ಲೆಂದರಲ್ಲಿ ಕೂಗಿದ ಗಂಟಲು ಈಗ ಪಿಸುಗುಟ್ಟಿತು.

"ಒಪ್ಕೋ."

ನಾದಿನಿ ತಿರುಗಿ ನೋಡಿದಳು.

"ಒಪ್ಕೋ ಅಂದೆ. ನಾನು ಒಳಗೆ ಹೋಗಿ ಕೂರ್ತೀನಿ. ಉಳಿದವರಿಗೆ ನಾನು ಉತ್ತರ ಹೇಳ್ಕೋತೀನಿ. ಉಗೀತಾರೆ, ಒರೆಸ್ಕೋತೀನಿ."

"ಅಬ್ಬಾ, ಇಬ್ರೂ ಸೇರಿ ನನ್ನ ವಿಷಯ ತೀರ್ಮಾನ ಮಾಡಿಬಿಟ್ರಾ?" ನಾದಿನಿ ಎದ್ದು ನಿಂತಳು. ಬೆಂಚಿನ ಅಂಚು ಹಿಡಿದುಕೊಂಡಳು. "ಅಣ್ಣ, ನನ್ನ ಮೇಜಲ್ಲಿ ಈಗ ಯಾರು ನಿಂತಿದ್ದಾರೆ?"

"ಯಾರೋ ಹೊಸಬಳು. ಯಾಕೆ?"

"ಅವಳಿಗೆ ಲಸಿಕೆ ಹಾಕಿಸಿದ್ಯಾ?"

"ಬಂದು ವಾರ ಆಗಿಲ್ಲ. ನಾಳೆ ಬಿಟ್ಟು ಹೋದ್ರೆ?"

"ಅವಳಿಗೆ ಚುಚ್ಚಿದ್ರೆ ಅವಳಿಗೂ ಕೌಂಟರಾ?"

ಭಾವನಿಗೆ ನಗು ತಡೆಯಲಾಗಲಿಲ್ಲ. ತಡೆಯಬೇಕೆಂದು ಹೊಳೆಯುವಷ್ಟರಲ್ಲಿ ನಕ್ಕಾಗಿತ್ತು. "ಎಲ್ಲರಿಗೂ ಕೌಂಟರ್ ಕೊಟ್ರೆ ಗಂಟು ಬಿಚ್ಚೋರು ಯಾರು?"

"ಅಲ್ವಾ," ಎಂದಳು ನಾದಿನಿ.

ಒಳಗೆ ನಡಾವಳಿ ಬರೆಯುವ ಗುಮಾಸ್ತ ಗಂಟೆ ಒತ್ತಿದ. ಕಾರ್ಯದರ್ಶಿ ಬಾಗಿಲನ್ನು ಬೆನ್ನಿನಿಂದ ತಳ್ಳಿ ಹಿಡಿದುಕೊಂಡರು, ಇಸ್ತ್ರಿಯಕ್ಕ ಹೋಗಲು ದಾರಿ ಆಗುವ ಹಾಗೆ. ಇಸ್ತ್ರಿಯಕ್ಕ ಸೆರಗು ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ನಾದಿನಿ ಆಕೆಯ ಮೊಣಕೈ ಹಿಡಿದಳು. ಹಿಡಿತದಲ್ಲಿ ಪ್ರೀತಿ ಇರಲಿಲ್ಲ, ನೋವಾಯಿತು.

"ಬೇಡ," ಎಂದಳು, ಅಣ್ಣನಿಗೆ. "ನಿನ್ನ ಕೌಂಟರ್ ಬೇಡ, ಔಷಧಿ ಬೇಡ. ಅತ್ತಿಗೆ ಒಳಗೆ ಬರಲ್ಲ."

"ಸಿಟ್ಟಲ್ಲಿ ಹೇಳ್ತಿದ್ದೀಯ. ಮನೆಗೆ ಹೋಗಿ ಯೋಚನೆ ಮಾಡಿ..."

"ಬೇಡ ಅಂದ್ನಲ್ಲ."