ಗುಣಿಗೊಂದು ಸಸಿ

ಆರುನೂರು ಬ್ರೊಕೊಲಿ ಸಸಿ ಎಲ್ಲಿಗೆ ಹೋದವು ಎಂಬುದೇ ನನಗೆ ತಿಳಿಯಲಿಲ್ಲ.

ಭತ್ತದ ಕೂಳೆ ಕಿತ್ತು, ನೀರು ನಿಲ್ಲದಂತೆ ಮಣ್ಣೇರಿಸಿ ಹನ್ನೆರಡು ಏರುಮಡಿ ಮಾಡಿದ್ದೆ. ಮಡಿಗೆ ಐವತ್ತರಂತೆ ಗುಣಿ ತೋಡಿದವಳೂ ನಾನೇ. ನರ್ಸರಿಯಿಂದ ಬಂದ ಆರು ಟ್ರೇಗಳನ್ನು ಬದುವಿನ ಮೇಲಿಟ್ಟು, ಒಡೆದ ಪೈಪಿಗೆ ಜಾಯಿಂಟು ತರಲು ಅಂಗಡಿಗೆ ಹೋಗಿ ಬಂದೆ. ಅಷ್ಟರಲ್ಲಿ ಅಮ್ಮ ಮತ್ತು ಅವಳ ನಾಟಿ ತಂಡದ ಹೆಂಗಸರು ಕೆಲಸ ಮುಗಿಸಿದ್ದರು. ಹೆಂಗಸರು ಮನೆಗೆ ಹೋಗಿಯೂ ಆಗಿತ್ತು, ಅಮ್ಮ ಕೈ ತೊಳೆಯುತ್ತಿದ್ದಳು. ಟ್ರೇಗಳೆಲ್ಲ ಖಾಲಿ. ಹನ್ನೆರಡು ಮಡಿಗಳಲ್ಲಿ ಎಂಟು ಕೂಡ ಖಾಲಿ!

ನನಗೆ ಕೋಪ ಮೂಗಿನ ತುದಿಯಲ್ಲೇ. ಟ್ರೇಗೆ ನೂರು ಎಂದು ಹೇಳಿ ನರ್ಸರಿಯವನು ಟೋಪಿ ಹಾಕಿದ್ದಾನೆಂದು ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದೆ.

“ಅಕ್ಕಾ, ಲೆಕ್ಕ ಸರಿಯಾಗೇ ಇದೆ. ನೆಟ್ಟಿರೋದನ್ನ ಒಂದ್ಸಲ ನೋಡಿ,” ಎಂದ.

ಇವನ್ಯಾರು ನನಗೆ ಹೇಳುವುದಕ್ಕೆ ಎಂದು ಗೊಣಗುತ್ತಲೇ ಬಗ್ಗಿ ಎಲೆ ಸರಿಸಿದೆ. ಒಂದು ಕಾಂಡ. ಅದಕ್ಕೆ ಅಂಟಿಕೊಂಡು ಇನ್ನೊಂದು. ಹಿಂದೆ ಮತ್ತೊಂದು.

“ಅಮ್ಮಾ! ಒಂದೊಂದು ಗುಣೀಲೂ ಮೂರು ನೆಟ್ಟಿದ್ದೀಯಾ?”

“ಮತ್ತಿನ್ನೇನು? ಮೂರಿಟ್ರೆ ಒಂದಾದ್ರೂ ನಿಲ್ಲುತ್ತೆ. ನಲವತ್ತು ವರ್ಷದಿಂದ ನಾಟಿ ಮಾಡ್ತಿದ್ದೀನಿ. ಕೈಗೆ ನಾನು ಹೇಳೋದೇ ಬೇಡ, ಅದೇ ಮೂರು ಎತ್ಕೊಳ್ಳುತ್ತೆ.”

ತಪ್ಪು ನನ್ನದೇ. ಎಷ್ಟು ಆಳ, ಎಷ್ಟು ನೀರು ಎಂದು ಗಂಟೆಗಟ್ಟಲೆ ಕೊರೆದಿದ್ದ ನಾನು, ಗುಣಿಗೊಂದೇ ಸಸಿ ಎಂಬುದನ್ನು ಹೇಳಿರಲಿಲ್ಲ. ಅದನ್ನೂ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಭತ್ತ ಹಾಗಲ್ಲವಲ್ಲ, ಮೂರು ಮೂರು ಸೇರಿಸಿ ನೆಟ್ಟರೂ ಬರುತ್ತದೆ.

ಈ ಬೆಳೆ ಕೈಕೊಟ್ಟರೆ ಗದ್ದೆಯೇ ಹೋಗುತ್ತಿತ್ತು. ನಮ್ಮಲ್ಲಿ ಮಾತು ದೊಡ್ಡಪ್ಪನದು. ಭತ್ತ ಕೊಯ್ದ ಮೇಲೆ ಸುಮ್ಮನೆ ಬಿದ್ದಿರುವ ನೆಲವನ್ನು ಇಟ್ಟಿಗೆ ಗೂಡಿನವನು ಮಣ್ಣಿಗೆ ಕೇಳಿದ್ದ. ಆಳುದ್ದ ಮಣ್ಣು ತೆಗೆದ ಮೇಲೆ ಅಲ್ಲಿ ಇನ್ನೆಂಥ ಬೆಳೆ? ನಾನು ದೊಡ್ಡಪ್ಪನನ್ನು ಕಾಡಿ ಬೇಡಿ ಎಪ್ಪತ್ತು ದಿನ ಗಿಟ್ಟಿಸಿಕೊಂಡಿದ್ದೆ. “ಎರಡನೇ ಬೆಳೆ ತೋರ್ಸು. ಆಮೇಲೆ ನೋಡೋಣ,” ಎಂದಿದ್ದರು.

ಅಮ್ಮನೂ ನಾನೂ ಸಂಜೆಯವರೆಗೆ ಸಸಿಗಳನ್ನು ಬಿಡಿಸಿ ಬಿಡಿಸಿ ನೆಟ್ಟೆವು. ಅಮ್ಮನ ಕೈ ಪದೇ ಪದೇ ಮೂರು ಎತ್ತಿಕೊಳ್ಳುತ್ತಿತ್ತು. ಅವಳೇ ಅದಕ್ಕೆ ಒಂದು ಏಟು ಕೊಟ್ಟು ಎರಡನ್ನು ಕೆಳಗಿಡುತ್ತಿದ್ದಳು. ಕೊನೆಗೆ ಹತ್ತು ಗುಣಿ ಉಳಿದಾಗ ನನ್ನ ಕೈ ತಡೆದಳು.

“ಇವು ಹೀಗೇ ಇರ್ಲಿ.”

“ಯಾಕೆ?”

“ನಿನ್ನ ಮಾತು ಸರಿಯೋ ನನ್ನ ಕೈ ಸರಿಯೋ ನೋಡ್ಬೇಕು.”

ಅಂದಿನಿಂದ ಅಮ್ಮನಿಗೆ ಗದ್ದೆಯದೇ ಧ್ಯಾನ. ಈ ಎಲೆ ಮೇಲೆ ನೀರು ಯಾಕೆ ನಿಲ್ಲಲ್ಲ? ಹೂ ಅಂತೀಯ, ಅರಳೋಕೆ ಮೊದಲೇ ಕೊಯ್ಯಬೇಕು ಅಂತೀಯ, ಇದೆಂಥ ಹೂವೇ? ನನಗೆ ಗೊತ್ತಿದ್ದರಲ್ಲವೇ ಹೇಳುವುದು! ಗೊತ್ತಿಲ್ಲವೆಂದರೆ ತಾನೇ ಎಲೆ ಬಿಡಿಸಿ ಇಣುಕುತ್ತಿದ್ದಳು. ಐವತ್ತನೆಯ ದಿನ ಅಂಗಿ ಗುಂಡಿಯಷ್ಟು ಹಸಿರು ಮೊಗ್ಗು ಕಂಡಾಗ ಅವಳು ಕೂಗಿದ್ದಕ್ಕೆ, ಹಾವೇನಾದರೂ ಕಚ್ಚಿತೋ ಎಂದು ಎದ್ದುಬಿದ್ದು ಓಡಿದ್ದೆ.

ಎಪ್ಪತ್ತನೆಯ ದಿನ ಎಲ್ಲರೂ ಒಟ್ಟಿಗೇ ಬಂದರು. ತರಕಾರಿ ವ್ಯಾಪಾರಿ ಕ್ರೇಟುಗಳನ್ನಿಳಿಸಿ, ಅಂಗೈ ಅಗಲದ ಹೂಗಳನ್ನಷ್ಟೇ ಆರಿಸಿ ತುಂಬಿದ. ಇಟ್ಟಿಗೆ ಗೂಡಿನವನು ನಮ್ಮ ಬದುವಿನುದ್ದಕ್ಕೂ ಅಳತೆಯ ಟೇಪು ಎಳೆಯುತ್ತಿದ್ದ. ದೊಡ್ಡಪ್ಪ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮಡಿಯಿಂದ ಮಡಿಗೆ ನಡೆದರು.

“ಬೆಳೆ ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ತಗ್ಗಿನ ಎರಡು ಮಡಿ ಬೇರು ಕೊಳೆತು ಹೋಗಿವೆ. ಪ್ರತಿ ವರ್ಷ ಇದೇ ಪರದಾಟ ಯಾರಿಗೆ ಬೇಕು?” ಎಂದರು.

ಜಗಳಕ್ಕೆ ಸದಾ ಸಿದ್ಧವಿರುವ ನನ್ನ ಬಾಯಿ ಆ ಹೊತ್ತಿನಲ್ಲೇ ಕಟ್ಟಿಹೋಯಿತು.

ಆಗ ಅಮ್ಮ ಕೊನೆಯ ಸಾಲಿನಿಂದ ಎದ್ದು ಬಂದಳು. ದೊಡ್ಡಪ್ಪನ ಎದುರು ಅವಳು ದನಿ ಎತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಂದು ಕೈಯಲ್ಲಿ ದೊಡ್ಡದೊಂದು ಹೂ, ಇನ್ನೊಂದರಲ್ಲಿ ನಿಂಬೆಹಣ್ಣಿನ ಗಾತ್ರದ ಮೂರು.

“ನೋಡಿ ಭಾವ. ಒಂಟಿ ಸಸಿ ಕೊಟ್ಟಿದ್ದು ಇದು. ಒಂದೇ ಗುಣೀಲಿ ಮೂರು ಸೇರಿ ಕೊಟ್ಟಿದ್ದು ಇಷ್ಟು.”

“ಅದಕ್ಕೇನೀಗ?”

“ಭತ್ತಾನೂ ನಾನು ಮೂರು ಮೂರೇ ನೆಟ್ಟೆ. ನಮ್ಮಮ್ಮ ಹಾಗೆ ನೆಡ್ತಿದ್ಲು, ನಾನೂ ನೆಟ್ಟೆ. ಒಂದೊಂದೇ ನೆಟ್ರೆ ಏನಾಗುತ್ತೆ ಅಂತ ನಲವತ್ತು ವರ್ಷದಲ್ಲಿ ಒಂದ್ಸಲಾನೂ ಕೇಳ್ಕೊಳ್ಲಿಲ್ಲ. ಮುಂದಿನ ನಾಟಿಗೆ ಒಂದು ಮೂಲೆ ನನಗೆ ಬಿಟ್ಕೊಡಿ.”

ದೊಡ್ಡಪ್ಪ ಆ ಹೂವನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರೂ ಭತ್ತದವರೇ ತಾನೇ.

“ಒಂದೊಂದೇ ನೆಟ್ರೆ ಜಾಸ್ತಿ ಬರುತ್ತೇನಮ್ಮಾ?”

“ಗೊತ್ತಿಲ್ಲ ಭಾವ,” ಎಂದಳು ಅಮ್ಮ. “ಅದಕ್ಕೇ ಗದ್ದೆ ಬೇಕು.”

ದೊಡ್ಡಪ್ಪ ಹೂವನ್ನು ಅಮ್ಮನ ಕೈಗೆ ಹಿಂದಿರುಗಿಸಿದರು. ಆಮೇಲೆ ಬದುವಿನತ್ತ ತಿರುಗಿ ಇಟ್ಟಿಗೆ ಗೂಡಿನವನನ್ನು ಕರೆದರು.

“ಟೇಪು ಸುತ್ಕೊಳಪ್ಪ. ಈ ಗದ್ದೇಲಿ ಕೆಲಸ ಇದೆ.”