ಬಿಸಿ ಎಂಜಿನ್ನಿನ ಪರೀಕ್ಷೆ

ಸಂತೆಯ ದಿನ ಬೆಳಿಗ್ಗೆ ಚಿಕ್ಕಬೀರಮ್ಮ ಸತ್ತ ಗಂಡನ ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದು ನಟರಾಜುವಿನ ಅಂಗಡಿ ಮುಂದೆ ಇಳಿದಳು. ಅಂತರಸಂತೆಯಲ್ಲಿ ಬೇರೆ ಮೆಕ್ಯಾನಿಕ್ಕುಗಳಿಗೇನೂ ಬರವಿರಲಿಲ್ಲ. ಅವರ ಹತ್ತಿರ ಹೋಗಬಾರದಿತ್ತೇ ಎಂದು ನಟರಾಜುವಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಬೈಕಿನ ಟ್ಯಾಂಕು ಒಂದು ಪಕ್ಕ ಒಳಗೆ ಹೋಗಿತ್ತು. ಹೆಡ್‌ಲೈಟು ಇರಲಿಲ್ಲ. ಆನೆ ಬೈಕನ್ನು ಒಂದೇ ಏಟಿಗೆ ಒದ್ದು ಬಿಟ್ಟಿತ್ತು. ಅವಳ ಗಂಡ ಮಂಚಯ್ಯನನ್ನು ಅಷ್ಟಕ್ಕೇ ಬಿಟ್ಟಿರಲಿಲ್ಲ.

"ಓಡ್ಸಕ್ಕಲ್ಲ ಕಣಪ್ಪ," ಎಂದಳು ಚಿಕ್ಕಬೀರಮ್ಮ, ಸ್ಟೂಲಿನ ಮೇಲೆ ಕೂರುತ್ತ. "ಒಂದ್ ಮಾತು ನೋಡಿ ಏಳು. ಅವತ್ತು ಗಾಡಿ ಕೈಕೊಡ್ತಾ, ಇಲ್ಲಾ ನಮ್ಮನೆಯವ್ರು ಕುಡ್ದಿದ್ರಾ?"

ಮಂಚಯ್ಯ ಎನ್. ಬೇಗೂರಿನವನು, ಅಂತರಸಂತೆಯ ಅಕ್ಕಿ ಮಿಲ್ಲಿನಲ್ಲಿ ಕೆಲಸ. ಒಂದು ಕಾಲಕ್ಕೆ ಚೆನ್ನಾಗಿ ಕುಡಿಯುತ್ತಿದ್ದ. ಎರಡು ವರ್ಷದ ಹಿಂದೆ ಬೆಟ್ಟ ಹತ್ತಿ, ಅಲ್ಲಿನ ದೇವಿ ಚಿಕ್ಕದೇವಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ ಮೇಲೆ ಒಂದು ತೊಟ್ಟೂ ಮುಟ್ಟಿರಲಿಲ್ಲ. ಹದಿನೈದು ದಿನದ ಹಿಂದೆ ಸಂಜೆ ಕೆಲಸ ಮುಗಿಸಿ ಹೊರಟವನಿಗೆ ಕಾಡಿನ ತಿರುವಿನಲ್ಲಿ ಒಂಟಿ ಆನೆ ಸಿಕ್ಕಿತು. ಆ ದಾರಿಯವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಎಂಜಿನ್ ಆರಿಸಿ, ಲೈಟು ಆರಿಸಿ, ಉಸಿರು ಬಿಗಿಹಿಡಿದು ಕೂತ. ಆನೆ ದಾಟಿ ಹೋಗಲಿಲ್ಲ, ಅವನ ಕಡೆಗೇ ತಿರುಗಿತು. ಹಿಂದೆ ದೂರದಲ್ಲಿ ಲಾರಿ ನಿಲ್ಲಿಸಿಕೊಂಡಿದ್ದವನು ಮಾರನೆಯ ದಿನ ಟೀ ಅಂಗಡಿಯಲ್ಲಿ ಹೇಳಿದ: "ಆನೆ ಬತ್ತಾ ಅದೆ, ಆವಯ್ಯ ಗಾಡಿ ಮೇಲೆ ಅಂಗೇ ಕೂತವ್ನೆ. ಓಡೋದೂ ಇಲ್ಲ, ಇಳಿಯೋದೂ ಇಲ್ಲ."

ಬಿದ್ದವನಿಗೆ ಆಳಿಗೊಂದು ಕಲ್ಲು. ಕುಡಿದಿದ್ದ, ಆಣೆ ಮುರಿದ, ಅಮ್ಮನೇ ಆನೆ ಕಳಿಸಿದಳು ಎಂದು ಊರು ತೀರ್ಪು ಕೊಟ್ಟು ಟೀ ಕುಡಿಯಿತು. ಆಸ್ಪತ್ರೆಯ ರಿಪೋರ್ಟು ಇನ್ನೂ ಬಂದಿರಲಿಲ್ಲ, ಊರಿಗೆ ಅದು ಬೇಕಾಗಿಯೂ ಇರಲಿಲ್ಲ.

ನಟರಾಜುವಿಗೆ ಮಾತ್ರ ಬೇರೊಂದು ಲೆಕ್ಕ ಗೊತ್ತಿತ್ತು. ಮಂಚಯ್ಯನ ಬಲಗಾಲಿನೊಳಗೆ ರಾಡು, ಕಿಕ್ ಹೊಡೆಯುವಂತಿರಲಿಲ್ಲ. ಆನೆ ಸಿಕ್ಕುವುದಕ್ಕೆ ಒಂದು ವಾರ ಮುಂಚೆ ಬಂದು, "ಸೆಲ್ಫ್ ಒತ್ತುದ್ರೆ ಬರೀ ಸದ್ದು ಮಾಡ್ತದೆ ಕಣ್ಲಾ" ಎಂದಿದ್ದ. ಹಾರ್ನ್ ಜೋರಾಗಿತ್ತು, ಅಂದರೆ ಬ್ಯಾಟರಿ ಸರಿ. ಮೋಟರು ಗಿರ್ರೆಂದು ಸುತ್ತುತ್ತಿತ್ತು, ಎಂಜಿನ್ ಮಿಸುಕುತ್ತಿರಲಿಲ್ಲ. ನಟರಾಜು ಕಣ್ಣು ಮುಚ್ಚಿಕೊಂಡು ಹೇಳಿದ್ದ, ಸ್ಟಾರ್ಟರ್ ಕ್ಲಚ್ ಹೋಗಿದೆ ಎಂದು. ಮೋಟರಿನ ಸುತ್ತನ್ನು ಎಂಜಿನ್ನಿಗೆ ದಾಟಿಸುವ ಭಾಗ ಅದು. ಮೂರು ಸಣ್ಣ ರೋಲರುಗಳು, ಅವನ್ನು ಒತ್ತಿ ಹಿಡಿಯುವ ಮೂರು ಸ್ಪ್ರಿಂಗು. ಬಿಚ್ಚಿ ನೋಡಿದರೆ ರೋಲರು ಸವೆದಿದ್ದವು, ಸ್ಪ್ರಿಂಗು ಸೋತಿದ್ದವು.

ಹೊಸದು ಮೈಸೂರಿನಿಂದ ಮರುದಿನದ ಬಸ್ಸಿಗೆ ಬರಬೇಕಿತ್ತು. ಕಾಡಿನ ಗೇಟು ಆರಕ್ಕೆ ಹಾಕುತ್ತಾರೆ. ಮಂಚಯ್ಯ ಅಂಗಡಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ನಟರಾಜು ಹಳೇ ಸ್ಪ್ರಿಂಗುಗಳನ್ನೇ ಇಕ್ಕಳದಲ್ಲಿ ಹಿಡಿದು ಉದ್ದಕ್ಕೆ ಎಳೆದು ಹಾಕಿದ. ಕೆಲಸ ಕಲಿಸಿದ ನಂಜಣ್ಣನೂ ಹಾಗೇ ಮಾಡುತ್ತಿದ್ದದ್ದು. ಸೆಲ್ಫ್ ಒತ್ತಿದರೆ ಗಾಡಿ ಶುರುವಾಯಿತು. ಆದರೆ ಎಂಜಿನ್ ಕಾಯಿಸಿ ಇನ್ನೊಮ್ಮೆ ನೋಡಬೇಕು, ಬಿಸಿಗೆ ಆಯಿಲು ತೆಳ್ಳಗಾಗಿ ರೋಲರು ಜಾರಿದಾಗಲೇ ಕಳ್ಳ ಸಿಕ್ಕುವುದು. ಅಷ್ಟಕ್ಕೆ ಹೊತ್ತಿರಲಿಲ್ಲ. "ಓಗಣ್ಣ, ಏನೂ ಆಗಕಿಲ್ಲ" ಎಂದು ಬೆನ್ನು ತಟ್ಟಿ ಕಳಿಸಿದ್ದ.

ಈಗ ನಟರಾಜು ಬ್ಯಾಟರಿ ಬದಲಾಯಿಸಿ, ಕೀ ತಿರುಗಿಸಿ, ಸೆಲ್ಫ್ ಒತ್ತಿದ.

ಬೈಕು ಒಂದೇ ಸಲಕ್ಕೆ ಶುರುವಾಯಿತು.

ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳು ಯಾಕೆ, ಆ ಗಳಿಗೆಯಲ್ಲಿ ಅವನಿಗೆ ಸಂತೋಷವೇ ಆಯಿತು. ತಿರುಗಿ ನೋಡಿದರೆ ಚಿಕ್ಕಬೀರಮ್ಮನ ಮುಖ ಬಾಡಿಹೋಗಿತ್ತು.

"ಗಾಡಿ ಚೆನ್ನಾಗೇ ಅದಲ್ಲಪ್ಪ," ಎಂದಳು. "ಅಂಗಾರೆ ಜನ ಆಡೋದೇ ದಿಟ. ನಾನೇ ಉಚ್ಚಿ, ನಂಬ್ಕೊಂಡಿದ್ದೆ." ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

ಅವಳು ಹೋಗಲಿ ಎಂದು ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಕೇಳುವವರಿರಲಿಲ್ಲ. ಸತ್ತವನಿಗೆ ಕುಡುಕನೆಂಬ ಹೆಸರು, ಬದುಕಿದ್ದವನಿಗೆ ಅಂಗಡಿ. ಅವಳು ರಸ್ತೆಗೆ ಕಾಲಿಟ್ಟಾಗ ನಟರಾಜು, "ಕೂತ್ಕೊ ಅಕ್ಕ. ಇನ್ನೂ ಮುಗ್ದಿಲ್ಲ," ಎಂದ.

ಹತ್ತು ನಿಮಿಷ ಎಂಜಿನ್ ಓಡಲು ಬಿಟ್ಟ. ಸೈಲೆನ್ಸರ್ ಮುಟ್ಟಲಾಗದಷ್ಟು ಕಾದ ಮೇಲೆ ಆರಿಸಿ ಮತ್ತೆ ಸೆಲ್ಫ್ ಒತ್ತಿದ. ಗಿರ್ರ್. ಎಂಜಿನ್ ಮಿಸುಕಲಿಲ್ಲ. ಮತ್ತೆ ಒತ್ತಿದ, ಗಿರ್ರ್. ಆನೆ ಬರುತ್ತಿರುವಾಗ ಮಂಚಯ್ಯ ಎಷ್ಟು ಸಲ ಒತ್ತಿರಬಹುದು ಎಂದು ನೆನೆದು ಅವನು ಕೀ ಆರಿಸಿದ.

"ಕುಡ್ದಿರ್ಲಿಲ್ಲ ಅಕ್ಕ. ಗಾಡಿ ಸ್ಟಾರ್ಟ್ ಆಗ್ಲಿಲ್ಲ. ಅಳೇ ಸ್ಪ್ರಿಂಗ್ನೇ ಎಳ್ದು ಆಕಿದ್ದೆ. ನನ್ದೇ ತಪ್ಪು."

ಚಿಕ್ಕಬೀರಮ್ಮ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ನನ್ಗೇಳಿ ಏನಾಯ್ತದೆ? ಟೀ ಅಂಗ್ಡಿತಾವ ಬಂದೇಳು. ಅದ್ಕೇ ಸಂತೆ ದಿನ ಬಂದಿವ್ನಿ."

ನಟರಾಜು ಕೈಯನ್ನೂ ಒರೆಸಿಕೊಳ್ಳದೆ ಅವಳ ಹಿಂದೆ ಹೋದ. ಸಂತೆಯ ಜನ ಟೀ ಅಂಗಡಿಯಲ್ಲಿ ತುಂಬಿದ್ದರು. ಅವನು ನಿಂತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ. ಅವನು ಮುಗಿಸುವವರೆಗೂ ಚಿಕ್ಕಬೀರಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಆಮೇಲೆ ಬಸ್ಸಿನ ಕಡೆ ನಡೆದಳು. ಮಂಚಯ್ಯನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಧರ್ಮೇಂದ್ರ ಎದ್ದ. ದಿನಾ ಕಾಡು ದಾಟಿ ಹಾಲು ತರುವವನು.

"ನಟರಾಜಣ್ಣ, ಯುಗಾದೀಲಿ ನನ್ ಗಾಡಿ ಸೆಲ್ಫ್ ಮಾಡ್ಕೊಟ್ಯಲ್ಲ. ಅದ್ಕೂ ಅಳೇ ಸ್ಪ್ರಿಂಗೇನಾ?"

"ಊಂ," ಎಂದ ನಟರಾಜು.

ಬೆಂಚಿನ ಮೇಲಿದ್ದ ಇನ್ನಿಬ್ಬರು ಹೊರಗೆ ನಿಲ್ಲಿಸಿದ್ದ ತಮ್ಮ ಬೈಕುಗಳ ಕಡೆ ನೋಡಿ, ಟೀ ಲೋಟ ಕೆಳಗಿಟ್ಟು ಎದ್ದು ನಿಂತರು.