ಹರಾಜಾದ ಮನೆಯ ಮಿಕ್ಕ ಹಣ

ವರ್ಡೆಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯ ಮೇಲೆ ಸೀಗಡಿ ಅನ್ನ ತಳ ಹಿಡಿಯುತ್ತಿದ್ದರೂ ಪರಿವೆಯಿಲ್ಲ. ಸಂಜೆ ಐದಕ್ಕೆ ಆ ಟೈ ಕಟ್ಟಿದ ಮನುಷ್ಯ ಸಹಿ ಹಾಕಿಸಿಕೊಳ್ಳಲು ಬರುವವನಿದ್ದ. ಹಾಕುವುದೋ, ಬೇಡವೋ?

ಅವಳ ಮನೆ ಹರಾಜಾಗಿ ವರ್ಷ ದಾಟಿತ್ತು. ಜಾರ್ಜಿಯಾದ ಆ ಕಡಲಂಚಿನ ಊರಿನಲ್ಲಿ ಹಳಬರು ಉಯಿಲು ಬರೆಯುತ್ತಿರಲಿಲ್ಲ. ಬರೆದರೆ ಸಾವನ್ನು ಕರೆದು ಕೂರಿಸಿದಂತೆ ಎನ್ನುತ್ತಿದ್ದರು. ಹಾಗಾಗಿ ತಾತ ಸತ್ತು ಎಷ್ಟೋ ಕಾಲವಾದರೂ ಜಾಗ ಅವರ ಹೆಸರಿನಲ್ಲೇ ಇತ್ತು, ತೆರಿಗೆ ನೋಟಿಸೂ ಸತ್ತವರ ಹೆಸರಿಗೇ ಬರುತ್ತಿತ್ತು. ತಮ್ಮ ಕಟ್ಟುತ್ತಾನೆಂದು ವರ್ಡೆಲ್, ಅಕ್ಕ ಕಟ್ಟುತ್ತಾಳೆಂದು ತಮ್ಮ, ಇವರಿಬ್ಬರೂ ಕಟ್ಟುತ್ತಾರೆಂದು ಡೆಟ್ರಾಯಿಟ್ ಸೇರಿದ ಚಿಕ್ಕಪ್ಪನ ಮಗಳು. ಕೊನೆಗೆ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಹರಾಜು ಹಾಕಿದರು. ಹಣ ಕಟ್ಟಿ ಮನೆ ಬಿಡಿಸಿಕೊಳ್ಳುವ ಗಡುವೂ ಕಳೆಯಿತು. ವರ್ಡೆಲ್ ಗಂಟುಮೂಟೆ ಕಟ್ಟಿ ತಮ್ಮ ಕ್ಲೀವನ್‌ನ ಮನೆಗೆ ಬಂದಳು. ಅರವತ್ತು ದಾಟಿದವಳಿಗೆ ಸೋಫಾ ಮೇಲೆ ಹಾಸಿಗೆ! ತನ್ನದೆನ್ನುವ ಒಂದು ಸೂರು ಬೇಕು, ಅವಳು ಬೇಡುತ್ತಿದ್ದುದು ಅಷ್ಟೇ.

ಬಾಗಿಲು ಬಡಿದ ಸದ್ದಿಗೆ ಟೈ ಕಟ್ಟಿದವನೇ ಬಂದನೆಂದುಕೊಂಡಳು. ಬಂದವಳು ಒಝೆಲಾ, ಚರ್ಚಿನಲ್ಲಿ ಪಕ್ಕದಲ್ಲೇ ನಿಂತು ಹಾಡುವ ಗೆಳತಿ.

"ಏನೇ, ಚರ್ಚಿನ ಕಡೆ ಪತ್ತೇನೇ ಇಲ್ಲ! ಅನ್ನ ಸೀದಿರೋ ವಾಸನೆ ಬೀದಿಗೆ ಬರ್ತಾ ಇದೆ."

"ಯಾವ ಮುಖ ಇಟ್ಕೊಂಡು ಬರ್ಲಿ? ತಾತನ ಮನೆ ಕಳ್ಕೊಂಡೋಳು ನಾನು," ಎಂದು ವರ್ಡೆಲ್ ಎಲ್ಲವನ್ನೂ ಹೇಳಿದಳು. ಕೌಂಟಿಯಲ್ಲಿ ಇವರ ಮನೆಯ ದುಡ್ಡು ಉಳಿದಿದೆಯಂತೆ. ಇವತ್ತು ಸಹಿ ಹಾಕಿದರೆ ಆ ಟೈ ಕಟ್ಟಿದವನು ತೆಗೆಸಿಕೊಡುತ್ತಾನಂತೆ. ಅರ್ಧ ಅವನಿಗಂತೆ.

ಮೂಲೆಯಿಂದ ಕ್ಲೀವನ್ ಗೊಣಗಿದ. "ಅರ್ಧ ಆದ್ರೂ ಬರ್ಲಿ ಬಿಡಕ್ಕ. ಕೌಂಟಿಯೋರು ನಮ್ಮಂಥೋರಿಗೆ ಯಾವತ್ತಾದ್ರೂ ದುಡ್ಡು ವಾಪಸ್ ಕೊಟ್ಟಿದ್ದುಂಟಾ? ತಗೊಳ್ಳೋದೊಂದೇ ಗೊತ್ತು ಅವ್ರಿಗೆ."

"ತೆರಿಗೆ ಬಾಕಿ ಎಷ್ಟಿತ್ತು?" ಒಝೆಲಾ ಕೇಳಿದಳು.

"ಐದು ಸಾವಿರ ಡಾಲರ್."

"ಹರಾಜಲ್ಲಿ ಎಷ್ಟಕ್ಕೆ ಹೋಯ್ತು?"

"ಐವತ್ತು ಸಾವಿರ ಅಂದ್ರು."

"ಮತ್ತೆ ಮಿಕ್ಕಿದ್ದು ಯಾರದು? ಬಾಕಿ, ಹರಾಜಿನ ಖರ್ಚು, ಜಾಗದ ಮೇಲೆ ಬೇರೆ ಸಾಲ ಇದ್ರೆ ಅದು, ಇಷ್ಟು ಕಳೆದು ಉಳಿದಿದ್ದು ಮನೆಯೋರದು ಕಣೇ. ಕೌಂಟಿ ದಾನ ಮಾಡ್ತಿಲ್ಲ. ನಮ್ಮಣ್ಣನ ಮನೆ ಹೋದಾಗ ನಾವೇ ಅರ್ಜಿ ಹಾಕಿ ತಗೊಂಡ್ವಿ."

"ಇವತ್ತು ಬಿಟ್ರೆ ಹೋಯ್ತು ಅಂತಾನಲ್ಲೇ ಅವನು!"

"ಗಡುವು ಇರುತ್ತೆ, ನಿಜ. ಅದು ಯಾವತ್ತು ಅಂತ ಕೌಂಟಿಯೋರನ್ನ ಕೇಳು, ಅವನನ್ನಲ್ಲ. ಬಿತ್ತಿದ್ದು ನಿಮ್ಮ ತಾತ, ರಾಶಿ ಅವನಿಗಾ?"

ಮೂವರೂ ಕ್ಲೀವನ್‌ನ ಹಳೇ ಟ್ರಕ್ ಹತ್ತಿ ಕೌಂಟಿ ಕಚೇರಿಗೆ ಹೊರಟರು. "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಹೊರಟ್ವಿ," ಎಂದು ಅವನು ದಾರಿಯುದ್ದಕ್ಕೂ ಕುಟುಕಿದ.

ಕಚೇರಿಯಾಕೆ ನೋಡಿ ಹೇಳಿದಳು: ಹಣ ಇದೆ, ಗಡುವಿಗೂ ಇನ್ನೂ ಸಮಯವಿದೆ. ಆದರೆ ಜಾಗ ತಾತನ ಹೆಸರಿನಲ್ಲಿತ್ತು. ವಾರಸುದಾರರೆಲ್ಲ ಸೇರಿ ಅರ್ಜಿ ಹಾಕಬೇಕು. ತಾತನ ವಾರಸುದಾರರು ಯಾರ್ಯಾರೆಂದು ಪಾಲಿಲ್ಲದ ಹೊರಗಿನವರೊಬ್ಬರು ಪ್ರಮಾಣ ಮಾಡಿ ಹೇಳಬೇಕು.

"ನೋಡಿದ್ಯಾ? ಕೊಡಲ್ಲ ಅಂತ ಬಡ್ಕೊಂಡೆ!" ಕ್ಲೀವನ್ ಎದ್ದೇಬಿಟ್ಟ.

"ಕೂತ್ಕೊಳ್ಳೋ ಮಾರಾಯ," ಎಂದಳು ಒಝೆಲಾ. "ಯಾರು ಯಾರ ಮಕ್ಕಳು ಅಂತ ಪರ್ವಿಸ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಪರ್ವಿಸ್ ಆ ಊರಿನ ಶವಸಂಸ್ಕಾರದ ಅಂಗಡಿಯ ಯಜಮಾನ. ವಿಷಯ ಕೇಳಿದ ಕೂಡಲೇ ಮುದುಕ ಕೋಟು ಹಾಕಿಕೊಂಡ. "ನಿಮ್ಮ ತಾತನ್ನ ಹೂತೆ, ಅಪ್ಪನ್ನ ಹೂತೆ, ಚಿಕ್ಕಪ್ಪನ್ನ ಡೆಟ್ರಾಯಿಟ್‌ನಿಂದ ತರಿಸಿ ಹೂತೆ. ಮುಂದಿನ ಸಾಲಲ್ಲಿ ಕೂತು ಯಾರ್ಯಾರು ಅತ್ರು ಅಂತ ನಂಗೊತ್ತು. ಕ್ಲೀವನ್, ನೀನು ತಲೆ ತಿರುಗಿ ಹೂವಿನ ಮೇಲೆ ಬಿದ್ದಿದ್ದೂ ಗೊತ್ತು ಕಣಯ್ಯ! ಎಲ್ಲಿ ಪ್ರಮಾಣ ಮಾಡ್ಬೇಕು ಹೇಳಿ."

ಕ್ಲೀವನ್ ಅವತ್ತು ಮೊದಲ ಸಲ ನಕ್ಕ.

ಅವರು ಮನೆಗೆ ಮರಳಿದಾಗ ಟೈ ಕಟ್ಟಿದವನು ಕಾರಿಗೆ ಒರಗಿ ನಿಂತಿದ್ದ. ಕೈಯಲ್ಲಿ ಪೆನ್ನು. ಕ್ಲೀವನ್ನೇ ಮೊದಲು ಇಳಿದ. "ಪೆನ್ನು ಜೇಬಿಗಿಟ್ಕೊಳ್ಳಪ್ಪ. ನಮ್ಮ ದುಡ್ಡು ತರೋಕೆ ನಮ್ಮ ಕಾಲೇ ಸಾಕು."

"ಅರ್ಜಿ ವಾಪಸ್ ಬಂದ್ರೆ ನನ್ನ ಹತ್ರ ಬರ್ಬೇಡಿ," ಎಂದು ಅವನು ಕಾರು ಹತ್ತಿದ. ಆ ಮಾತು ವರ್ಡೆಲ್‌ಳನ್ನು ತಿಂಗಳುಗಟ್ಟಲೆ ಕೊರೆಯಿತು. ಬಡವರಿಗೆ ಬಿಟ್ಟಿಯಾಗಿ ಸಹಾಯ ಮಾಡುವ ವಕೀಲರು ಅರ್ಜಿ ಓದಿ ತಿದ್ದಿಕೊಟ್ಟರು. ಡೆಟ್ರಾಯಿಟ್‌ನವಳೂ ಸಹಿ ಮಾಡಿ ಕಳಿಸಿದಳು, ಪರ್ವಿಸ್ ಪ್ರಮಾಣ ಮಾಡಿದ, ಅರ್ಜಿ ಕೌಂಟಿಗೆ ಹೋಯಿತು. ಆದರೂ ಅಂಚೆಯವನ ವ್ಯಾನು ಕಂಡಾಗಲೆಲ್ಲ ವರ್ಡೆಲ್ ಬಾಗಿಲಿಗೆ ಓಡುತ್ತಿದ್ದಳು.

ಕೊನೆಗೂ ಚೆಕ್ ಬಂತು. ಅಕ್ಕ, ತಮ್ಮ, ಚಿಕ್ಕಪ್ಪನ ಮಗಳು ಮೂವರೂ ಹಂಚಿಕೊಂಡರು. ವರ್ಡೆಲ್ ತನ್ನ ಪಾಲನ್ನು ಚರ್ಚಿನ ಹಿಂದಿನ ಪುಟ್ಟ ಮನೆಯೊಂದಕ್ಕೆ ಮುಂಗಡ ಕೊಟ್ಟಳು. ಒಳಗೆ ಕಾಲಿಟ್ಟ ದಿನ ಬರಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ತಾತನ ಮನೆ ಇನ್ನು ಬರಲ್ಲ ಒಝೆಲಾ. ನಾಚ್ಕೊಂಡು ಒಳಗೇ ಕೂತಿದ್ರೆ ಇದೂ ಹೋಗ್ತಿತ್ತಲ್ಲೇ!"

ಓದುತ್ತಿರುವವರೇ, ನಿಮ್ಮ ಮನೆಯೋ ನಿಮ್ಮ ಹಿರಿಯರ ಜಾಗವೋ ತೆರಿಗೆಗೆ ಹರಾಜಾಗಿದ್ದರೆ ಸುಮ್ಮನೆ ಕೂರಬೇಡಿ. ಹಣ ಮಿಕ್ಕಿದೆಯೇ, ಕೇಳಲು ಎಂದಿನವರೆಗೆ ಅವಕಾಶವಿದೆ ಎಂದು ಹರಾಜು ಹಾಕಿದ ಕಚೇರಿಗೇ ಹೋಗಿ ವಿಚಾರಿಸಿ. ನಿಯಮ ಊರಿಂದೂರಿಗೆ ಬೇರೆ. ಅವಸರ ಮಾಡುವವನ ಕಾಗದಕ್ಕೆ ಸಹಿ ಹಾಕುವ ಮೊದಲು ಬಲ್ಲವರಿಗೆ ತೋರಿಸಿ. ಮನೆ ಹೋಯಿತೆಂದು ತಲೆ ತಗ್ಗಿಸಿ ಕೂತವರ ಹಣವೇ ಅಲ್ಲಿ ಕೊಳೆಯುತ್ತಿರುವುದು. ಏಳಿ, ಹೋಗಿ ಕೇಳಿ. ಅದು ನಿಮ್ಮದು.